ಬಹುಮತದ ಒಗಟು: ಮತದಾನದ ಗಣಿತ ನಡೆದುಬಂದ ದಾರಿ

ಕ್ರಿ.ಶ. 105ರಲ್ಲಿ ರೋಮಿನ ಕಾನ್ಸಲ್ ಪದವಿಯಲ್ಲಿದ್ದ ಅಫ್ರಾನಿಯಸ್ ಡೆಕ್ಸ್ಟರ್ ಎಂಬವನು ಸತ್ತುಬಿದ್ದಿದ್ದನು. ಅದು ಆತ್ಮಹತ್ಯೆಯೋ, ಪರಿಜನರು ಎಸಗಿದ ಕೊಲೆಯೋ, ಅಥವಾ ಒಡೆಯನ ಅಪ್ಪಣೆಯಂತೆಯೇ ಅವರು ಅವನ ಪ್ರಾಣ ತೆಗೆದರೋ ಎಂಬುದು ತಿಳಿಯದಾಯಿತು. ಅವನಿಂದ ದಾಸ್ಯವಿಮೋಚನೆ ಪಡೆದಿದ್ದ ಸೇವಕರನ್ನು ಏನು ಮಾಡಬೇಕೆಂಬ ಪ್ರಶ್ನೆ ಸೆನೆಟ್ ಸಭೆಯ ಮುಂದೆ ಬಂದಿತು. ಮೂರು ಅಭಿಪ್ರಾಯಗಳು ಮೂಡಿದವು: ಬಿಟ್ಟುಬಿಡಬೇಕು, ಗಡೀಪಾರು ಮಾಡಬೇಕು, ಮರಣದಂಡನೆ ವಿಧಿಸಬೇಕು.

ಬಿಡುಗಡೆಯ ಪರವಾಗಿದ್ದವರಲ್ಲಿ ಕಿರಿಯ ಪ್ಲಿನಿಯೂ ಒಬ್ಬ. ಈ ಪಕ್ಷದವರು ಉಳಿದ ಎರಡರಲ್ಲಿ ಯಾವ ಒಂದಕ್ಕಿಂತಲೂ ಹೆಚ್ಚು ಮಂದಿ ಇದ್ದರು. ಆದರೆ ಆ ಎರಡೂ ಒಂದಾದರೆ ಇವರು ಸೋಲುವುದು ಖಂಡಿತ. ಆದ್ದರಿಂದ ಪ್ಲಿನಿ ಒಂದು ವಾದವನ್ನು ಹೂಡಿದನು. ಕೊಲ್ಲಬೇಕೆನ್ನುವವರೂ ಗಡೀಪಾರು ಸಾಕೆನ್ನುವವರೂ ಒಂದೇ ಕಡೆ ಕುಳಿತು ಬಿಡುಗಡೆಯನ್ನು ಸೋಲಿಸಿ, ಆಮೇಲೆ ತಮ್ಮತಮ್ಮಲ್ಲಿ ಜಗಳವಾಡುವುದು ನ್ಯಾಯವಲ್ಲ. ಮೂರು ಅಭಿಪ್ರಾಯಗಳಿಗೆ ಮೂರು ಗುಂಪುಗಳಾಗಿ ಬೇರೆಬೇರೆ ನಿಲ್ಲಲಿ ಎಂದನು. ಸಭೆ ಒಪ್ಪಿತು. ಆಗ ನಡೆದದ್ದೇ ಸ್ವಾರಸ್ಯ. ಮರಣದಂಡನೆಯನ್ನು ಸೂಚಿಸಿದ್ದವನು, ಹೀಗೆ ಬೇರೆಬೇರೆ ಎಣಿಸಿದರೆ ಬಿಡುಗಡೆಯೇ ಗೆಲ್ಲುವುದೆಂದು ಅಂಜಿ, ತನ್ನ ಸೂಚನೆಯನ್ನು ಕೈಬಿಟ್ಟು ಗಡೀಪಾರಿನವರ ಜೊತೆಗೆ ಸೇರಿಕೊಂಡನು. ಮೂರು ಇದ್ದದ್ದು ಎರಡಾಯಿತು. ತಾನು ಮಾಡಿದ್ದು ಸರಿಯೇ ಎಂದು ಪ್ಲಿನಿ ಟೈಟಿಯಸ್ ಅರಿಸ್ಟೊ ಎಂಬ ನ್ಯಾಯಪಂಡಿತನಿಗೆ ದೀರ್ಘವಾದ ಪತ್ರ ಬರೆದು ಕೇಳಿದ್ದಾನೆ. ಆ ಪತ್ರ ಉಳಿದುಬಂದಿದೆ.

ಸಭಿಕರ ಮನಸ್ಸಿನಲ್ಲಿದ್ದುದು ಆದ್ಯಂತವೂ ಒಂದೇ. ಎಣಿಸುವ ಕ್ರಮ ಬದಲಾದಂತೆ ತೀರ್ಪು ಮಾತ್ರ ಬದಲಾಗುತ್ತಿತ್ತು. ಹಾಗಾದರೆ 'ಸಭೆಯ ಅಭಿಪ್ರಾಯ' ಎಂಬುದು ಎಲ್ಲಿದೆ? ಸದಸ್ಯರ ಮನಸ್ಸಿನಲ್ಲಿಯೋ, ಎಣಿಕೆಯ ವಿಧಾನದಲ್ಲಿಯೋ? ಮತದಾನದ ಗಣಿತವೆಂದು ಇಂದು ಕರೆಯುವ ಶಾಸ್ತ್ರದ ಬೀಜ ಈ ಪ್ರಶ್ನೆಯಲ್ಲಿದೆ. ಅದರ ಚರಿತ್ರೆಯನ್ನು ಅವಲೋಕಿಸಿದಾಗ ವಿಚಿತ್ರವಾದ ಸಂಗತಿಯೊಂದು ಕಾಣುತ್ತದೆ. ಈ ಶಾಸ್ತ್ರವನ್ನು ಜನ ಮತ್ತೆ ಮತ್ತೆ ಕಂಡುಹಿಡಿದಿದ್ದಾರೆ, ಮತ್ತೆ ಮತ್ತೆ ಮರೆತಿದ್ದಾರೆ.

ಮಜೋರ್ಕಾ ದ್ವೀಪದ ರಮೋನ್ ಲುಲ್ 1299ರಲ್ಲಿ ಚುನಾವಣೆಯ ಕಲೆಯ ಬಗ್ಗೆ ಒಂದು ಚಿಕ್ಕ ಬರಹವನ್ನು ರಚಿಸಿದನು. ಮಠದ ಅಧಿಕಾರಿಯನ್ನು ಆರಿಸುವಾಗ ಅಭ್ಯರ್ಥಿಗಳನ್ನು ಇಬ್ಬಿಬ್ಬರಂತೆ ಹೋಲಿಸಬೇಕು, ಪ್ರತಿ ಜೋಡಿಯಲ್ಲಿಯೂ ಯಾರಿಗೆ ಹೆಚ್ಚು ಒಪ್ಪಿಗೆಯೆಂಬುದನ್ನು ಕೇಳಬೇಕೆಂಬುದು ಅವನ ಸೂತ್ರ. ಆ ಬರಹವನ್ನು 1428ರಲ್ಲಿ ಪ್ರತಿಮಾಡಿಕೊಂಡ ಕೂಸಾದ ನಿಕೊಲಾಸನು 1433ರಲ್ಲಿ ಪವಿತ್ರ ರೋಮನ್ ಸಾಮ್ರಾಟನ ಆಯ್ಕೆಗೆ ಬೇರೆಯೇ ದಾರಿಯನ್ನು ಸೂಚಿಸಿದನು: ಪ್ರತಿಯೊಬ್ಬ ಮತದಾರನೂ ಗುಟ್ಟಾಗಿ ಎಲ್ಲ ಅಭ್ಯರ್ಥಿಗಳಿಗೆ ಅಂಕ ಕೊಡಲಿ, ಅತಿ ಕಡಿಮೆ ಯೋಗ್ಯನಿಗೆ ಒಂದು, ಮೇಲಿನವನಿಗೆ ಎರಡು, ಹೀಗೆ; ಒಟ್ಟು ಅಂಕ ಹೆಚ್ಚು ಪಡೆದವನೇ ಸಾಮ್ರಾಟ. ಯಾರೂ ಇದನ್ನು ಆಚರಣೆಗೆ ತರಲಿಲ್ಲ. ಲುಲ್ಲನ ಬರಹಗಳು ಹಸ್ತಪ್ರತಿಗಳ ರಾಶಿಯಲ್ಲಿ ಶತಮಾನಗಳ ಕಾಲ ಮಲಗಿದ್ದವು. ಹಸ್ತಪ್ರತಿಗಳ ಗತಿ ಎಲ್ಲ ನಾಡುಗಳಲ್ಲಿಯೂ ಒಂದೇ.

ಇವೇ ಎರಡು ದಾರಿಗಳು ಹದಿನೆಂಟನೆಯ ಶತಮಾನದ ಪ್ಯಾರಿಸಿನಲ್ಲಿ, ಹಿಂದಿನವರ ಸುಳಿವೇ ಇಲ್ಲದ ಇಬ್ಬರಿಂದ, ಮತ್ತೆ ತೆರೆದುಕೊಂಡವು. ಮೊದಲನೆಯವನು ಜಾನ್ ಶಾರ್ಲ್ ದ ಬೊರ್ಡಾ. ಈತ ನೌಕಾಪಡೆಯ ಅಧಿಕಾರಿ, ಅಳತೆಯ ಉಪಕರಣಗಳಲ್ಲಿ ನಿಷ್ಣಾತ. ವಿಜ್ಞಾನ ಅಕಾಡೆಮಿಯಲ್ಲಿ 1770ರಲ್ಲಿ ಓದಿ, 1784ರಲ್ಲಿ ಅಚ್ಚಾದ ಅವನ ಪ್ರಬಂಧದ ಉದಾಹರಣೆ ಇಂದಿಗೂ ಕಣ್ಣು ತೆರೆಸುವಂಥದು. ಇಪ್ಪತ್ತೊಂದು ಮತದಾರರು; ಕ, ಖ, ಗ ಎಂದು ಮೂವರು ಅಭ್ಯರ್ಥಿಗಳು. ಎಂಟು ಮಂದಿಗೆ ಕ ಮೊದಲ ಆಯ್ಕೆ, ಏಳು ಮಂದಿಗೆ ಖ, ಆರು ಮಂದಿಗೆ ಗ. ನಾವು ಸಾಮಾನ್ಯವಾಗಿ ಎಣಿಸುವ ರೀತಿಯಲ್ಲಿ ಕ ಗೆದ್ದನು. ಆದರೆ ಉಳಿದ ಹದಿಮೂರು ಮಂದಿಯ ಪಟ್ಟಿಯನ್ನು ಪೂರ್ತಿಯಾಗಿ ಓದಿದರೆ ಅವರೆಲ್ಲರೂ ಕ-ನನ್ನು ಕಟ್ಟಕಡೆಗೆ ಇರಿಸಿದ್ದಾರೆ! ಸಭೆಯ ಬಹುಭಾಗಕ್ಕೆ ಯಾರು ಎಲ್ಲರಿಗಿಂತ ಬೇಡವೋ ಅವನೇ ವಿಜಯಿ. ಬೊರ್ಡಾ ಇದಕ್ಕೆ ಕೊಟ್ಟ ಪರಿಹಾರ ಅಂಕಗಳದು: ಮೊದಲ ಸ್ಥಾನಕ್ಕೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು. ಕ-ನ ಎಂಟು ಬೆಂಬಲಿಗರಲ್ಲಿ ಏಳು ಮಂದಿ ಎರಡನೆಯ ಸ್ಥಾನವನ್ನು ಗ-ನಿಗೆ ಕೊಟ್ಟಿದ್ದರು, ಒಬ್ಬನು ಖ-ನಿಗೆ. ಖ ಮತ್ತು ಗ-ರ ಬೆಂಬಲಿಗರು ಎರಡನೆಯ ಸ್ಥಾನವನ್ನು ಪರಸ್ಪರರಿಗೆ ಕೊಟ್ಟಿದ್ದರು. ಕೂಡಿಸಿದರೆ ಕ-ನಿಗೆ 37, ಖ-ನಿಗೆ 42, ಗ-ನಿಗೆ 47. ಮೊದಲ ಎಣಿಕೆಯಲ್ಲಿ ಕಡೆಯವನಾಗಿದ್ದ ಗ ಈಗ ಮೊದಲಿಗ, ಕ್ರಮವೇ ತಲೆಕೆಳಗು. ಮತದಾರರು ಎದುರಾಳಿಯನ್ನು ಬೇಕೆಂದೇ ಪಟ್ಟಿಯ ತಳಕ್ಕೆ ತಳ್ಳಿ ಮೋಸಮಾಡಬಹುದಲ್ಲ ಎಂದು ಆಕ್ಷೇಪಿಸಿದವರಿಗೆ, ತನ್ನ ವಿಧಾನ ಪ್ರಾಮಾಣಿಕರಿಗಾಗಿ ಇರುವಂಥದು ಎಂದು ಬೊರ್ಡಾ ಉತ್ತರಿಸಿದನಂತೆ.

ಎರಡನೆಯವನು ಮಾರ್ಕ್ವಿಸ್ ದ ಕೊಂಡೊರ್ಸೆ. 1743ರಲ್ಲಿ ಜನಿಸಿದ ಈತ ಅಕಾಡೆಮಿಯ ಕಾರ್ಯದರ್ಶಿ, ಗುಲಾಮಗಿರಿಯನ್ನು ವಿರೋಧಿಸಿದವನು, ಹೆಂಗಸರಿಗೂ ಪೌರತ್ವದ ಹಕ್ಕು ಬೇಕೆಂದು 1790ರಲ್ಲಿಯೇ ಬರೆದವನು. ಅವನ 1785ರ ಗ್ರಂಥ, ಬಹುಮತದ ನಿರ್ಣಯಗಳಿಗೆ ಸಂಭವನೀಯತೆಯ ಗಣಿತವನ್ನು ಅನ್ವಯಿಸುತ್ತದೆ. ಗ್ರಂಥ ಓದಲು ಬಹಳ ಕಠಿಣ. ಅದು ಮೂಲೆಗೆ ಬೀಳಲು ಇದೂ ಒಂದು ಕಾರಣವಿರಬೇಕು. ಆದರೆ ಅದರಲ್ಲಿ ಎರಡು ರತ್ನಗಳಿವೆ, ಮತ್ತು ಆ ಎರಡೂ ಒಂದರ ಮುಖಕ್ಕೆ ಇನ್ನೊಂದು ಹೊಡೆಯುವಂತಿವೆ.

ಒಂದು, ಭರವಸೆಯ ಪ್ರಮೇಯ. ಒಂದು ಪ್ರಶ್ನೆಗೆ ಸರಿಯುತ್ತರ ಒಂದೇ ಇದೆಯೆಂದಿಟ್ಟುಕೊಳ್ಳೋಣ. ಪ್ರತಿಯೊಬ್ಬನೂ ಸ್ವತಂತ್ರವಾಗಿ ಯೋಚಿಸಿ ನೂರಕ್ಕೆ ಅರವತ್ತು ಸಲ ಸರಿಯಾಗಿ ಹೇಳಬಲ್ಲನು. ಆಗ ಮೂವರ ಬಹುಮತ ಸರಿಯಾಗಿರುವ ಸಂಭವ ನೂರಕ್ಕೆ 64.8, ನೂರೊಂದು ಮಂದಿಯಾದರೆ ಸುಮಾರು 98. ಸಾಧಾರಣ ಬುದ್ಧಿಯ ಜನರೂ ಕೂಡಿ ತೀರ್ಮಾನಿಸಿದರೆ ಮಹಾಜ್ಞಾನಿಯನ್ನು ಮೀರಿಸಬಲ್ಲರು. ಆದರೆ ಒಬ್ಬೊಬ್ಬನೂ ಸರಿಯಾಗಿರುವ ಸಂಭವ ನೂರಕ್ಕೆ ನಲವತ್ತಾದರೆ ಅದೇ ಗಣಿತ ತಿರುಗಿಬೀಳುತ್ತದೆ. ನೂರೊಂದು ಮಂದಿಯ ಬಹುಮತ ಸರಿಯಾಗಿರುವ ಸಂಭವ ನೂರಕ್ಕೆ ಎರಡಕ್ಕೆ ಇಳಿಯುತ್ತದೆ. ಪೂರ್ವಾಗ್ರಹಕ್ಕೆ ಒಳಗಾದ ಗುಂಪು ದೊಡ್ಡದಾದಷ್ಟೂ ತಪ್ಪು ಗಟ್ಟಿಯಾಗುತ್ತದೆ.

ಇನ್ನೊಂದು, ಒಗಟು. ಲುಲ್ಲನಂತೆಯೇ ಕೊಂಡೊರ್ಸೆಯೂ ಇಬ್ಬಿಬ್ಬರನ್ನು ಹೋಲಿಸುವ ಪಕ್ಷದವನು. ಉಳಿದ ಪ್ರತಿಯೊಬ್ಬನನ್ನೂ ನೇರ ಹೋಲಿಕೆಯಲ್ಲಿ ಸೋಲಿಸುವವನೇ ಗೆಲ್ಲಬೇಕು. ಹಾಗೆ ಎಣಿಸಹೊರಟವನಿಗೆ ಅಡ್ಡಬಂದುದು ಅವನದೇ ಉದಾಹರಣೆ. ಅರವತ್ತು ಮತದಾರರಿದ್ದಾರೆ. ಕ, ಖ, ಗ ಎಂಬ ಕ್ರಮದಲ್ಲಿ 23 ಮಂದಿ. ಖ, ಗ, ಕ ಎಂದು 17. ಖ, ಕ, ಗ ಎಂದು 2. ಗ, ಕ, ಖ ಎಂದು 10. ಗ, ಖ, ಕ ಎಂದು 8. ಕ-ನು ಖ-ನನ್ನು 33ಕ್ಕೆ 27ರಂತೆ ಸೋಲಿಸುತ್ತಾನೆ. ಖ-ನು ಗ-ನನ್ನು 42ಕ್ಕೆ 18ರಂತೆ ಸೋಲಿಸುತ್ತಾನೆ. ಹಾಗಿದ್ದರೆ ಕ-ನು ಗ-ನಿಗಿಂತ ಮೇಲಿರಬೇಕು. ಎಣಿಸಿ ನೋಡಿದರೆ ಗ-ನೇ ಕ-ನನ್ನು 35ಕ್ಕೆ 25ರಂತೆ ಸೋಲಿಸುತ್ತಾನೆ! ಒಬ್ಬೊಬ್ಬ ಮತದಾರನ ಮನಸ್ಸಿನಲ್ಲಿಯೂ ಸ್ಪಷ್ಟವಾದ ಕ್ರಮವಿದೆ. ಎಲ್ಲರೂ ಸೇರಿದ ಸಭೆ ಮಾತ್ರ ಗಾಣದ ಎತ್ತಿನಂತೆ ಸುತ್ತುತ್ತದೆ. ಇಂಥ ಸುತ್ತಿನಲ್ಲಿ ಯಾವ ಜೋಡಿಯನ್ನು ಮೊದಲು ಮತಕ್ಕೆ ಹಾಕಬೇಕೆಂದು ನಿರ್ಧರಿಸುವವನ ಕೈಯಲ್ಲಿಯೇ ಫಲವೂ ಇರುತ್ತದೆ.

ಈ ಲೆಕ್ಕ ಬರೆದು ಎಂಟು ವರ್ಷವೂ ತುಂಬಿರಲಿಲ್ಲ. ಕೊಂಡೊರ್ಸೆ ಸ್ವತಃ ಅಂಥದೊಂದು ಸಭೆಯಲ್ಲಿ ಕುಳಿತಿದ್ದನು. 1793ರ ಜನವರಿಯಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಮಾವೇಶ ಹದಿನಾರನೆಯ ಲೂಯಿಯ ವಿಚಾರಣೆ ನಡೆಸಿತು. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕೆಂಬುದರ ಬಗ್ಗೆಯೇ ದೊಡ್ಡ ವಾದ ನಡೆಯಿತು. ಶಿಕ್ಷೆ ಏನೆಂಬ ಪ್ರಶ್ನೆಗೆ 721 ಸದಸ್ಯರು ಒಬ್ಬೊಬ್ಬರಾಗಿ ಬಾಯಿಬಿಟ್ಟು ಉತ್ತರ ಹೇಳಿದರು. ನಿರುಪಾಧಿಕ ಮರಣದಂಡನೆ ಎಂದವರು 361. ಮರಣದಂಡನೆ ಆಗಲಿ, ಆದರೆ ಅದನ್ನು ಮುಂದೂಡುವ ಬಗ್ಗೆ ಸಭೆ ಯೋಚಿಸಲಿ ಎಂದವರು 26. ಮರಣದಂಡನೆ ವಿಧಿಸಿ ತಡೆಹಿಡಿಯಬೇಕೆಂದವರು 46. ಸೆರೆವಾಸ, ಗಡೀಪಾರು ಮೊದಲಾದವನ್ನು ಹೇಳಿದವರು 288. ಇಪ್ಪತ್ತಾರು ಮಂದಿಯನ್ನು ಮರಣದ ಕಡೆಗೂ, ನಲವತ್ತಾರು ಮಂದಿಯನ್ನು ಅದರ ವಿರುದ್ಧವೂ ಸೇರಿಸಿ 387ಕ್ಕೆ 334 ಎಂದು ಘೋಷಿಸಲಾಯಿತು. ಆ ಇಪ್ಪತ್ತಾರನ್ನು ಬಿಟ್ಟರೂ 361 ಎಂಬುದು 721ರ ಅರ್ಧಕ್ಕಿಂತ ಹೆಚ್ಚೇ. ಎಷ್ಟು ಹೆಚ್ಚು ಎಂದರೆ, ಅರೆ ಮತದಷ್ಟು. ರೋಮಿನ ಸೆನೆಟ್ಟಿನಲ್ಲಿದ್ದ ಮೂರು ಬಗೆಯ ಜನರೇ ಇಲ್ಲಿಯೂ ಇದ್ದಾರೆ. ಯಾರನ್ನು ಯಾರ ಜೊತೆ ಸೇರಿಸಿ ಎಣಿಸಬೇಕೆಂಬ ಪ್ರಶ್ನೆಯೂ ಅದೇ.

ಕೊಂಡೊರ್ಸೆ ಮರಣದಂಡನೆಯನ್ನು ತತ್ತ್ವತಃ ವಿರೋಧಿಸಿದವನು. ಮರಣವಲ್ಲದ ಅತ್ಯಂತ ಕಠಿಣ ಶಿಕ್ಷೆಗೆ ಅವನ ಮತ. ಮುಂದಿನ ತಿಂಗಳು ಅವನು ಮಂಡಿಸಿದ ಸಂವಿಧಾನದ ಕರಡು ತಿರಸ್ಕೃತವಾಯಿತು. ಬದಲಾಗಿ ಬಂದ ಸಂವಿಧಾನವನ್ನು ಟೀಕಿಸಿದ್ದಕ್ಕೆ ಜುಲೈಯಲ್ಲಿ ಬಂಧನದ ಆಜ್ಞೆ ಹೊರಟಿತು. ಪ್ಯಾರಿಸಿನಲ್ಲಿ ವೆರ್ನೆ ಎಂಬ ವಿಧವೆಯ ಮನೆಯಲ್ಲಿ ಅವನು ತಿಂಗಳುಗಟ್ಟಲೆ ಅಡಗಿದ್ದನು. ಆ ಅಡಗುದಾಣದಲ್ಲಿ ಬರೆದದ್ದು ಮಾನವ ಮನಸ್ಸಿನ ಪ್ರಗತಿಯನ್ನು ಕುರಿತ ಗ್ರಂಥ ಎಂಬುದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಕಹಿಯ ಒಂದು ಪುಸ್ತಕವನ್ನು ಬರೆಯಲು ಅವನಿಗೆ ಎಲ್ಲ ಕಾರಣಗಳೂ ಇದ್ದವು. 1794ರ ಮಾರ್ಚ್ ಕೊನೆಯಲ್ಲಿ ಆ ಮನೆಯಿಂದ ಹೊರಬಿದ್ದವನು ಸಿಕ್ಕಿಬಿದ್ದು, ಸೆರೆಮನೆಯಲ್ಲಿ ಹೆಣವಾಗಿ ಕಂಡನು.

ಮತ್ತೆ ಮರೆವು. ಸುಮಾರು ಎಂಬತ್ತು ವರ್ಷಗಳ ಬಳಿಕ, 1873ರಿಂದ 1876ರ ಅವಧಿಯಲ್ಲಿ, ಆಕ್ಸ್‌ಫರ್ಡಿನ ಗಣಿತದ ಅಧ್ಯಾಪಕ ಚಾರ್ಲ್ಸ್ ಡಾಡ್ಜ್‌ಸನ್ ತನ್ನ ಕಾಲೇಜಿನ ಗಂಟೆಗೋಪುರದ ವಿನ್ಯಾಸವನ್ನು ಆರಿಸುವಂಥ ಸಣ್ಣ ಸಂಗತಿಗಳಿಂದ ಹೊರಟು ಇದೇ ಸುತ್ತಿಗೆ ಬಂದು ಮುಟ್ಟಿದನು. ಲೂಯಿಸ್ ಕ್ಯಾರೊಲ್ ಎಂಬ ಹೆಸರಿನಲ್ಲಿ 'ಆಲಿಸ್' ಕತೆಗಳನ್ನು ಬರೆದವನು ಈತನೇ. ಬೊರ್ಡಾ, ಕೊಂಡೊರ್ಸೆಯರನ್ನು ಇವನು ಓದಿರಲಿಲ್ಲವೆಂಬುದು ಈ ಕರಪತ್ರಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ತಂದ ಡಂಕನ್ ಬ್ಲ್ಯಾಕ್ ಅವರ ತೀರ್ಮಾನ.

1951ರಲ್ಲಿ ಅಮೆರಿಕದ ಕೆನೆತ್ ಆರೋ ಅವರು ಕೊಂಡೊರ್ಸೆಯ ಸುತ್ತು ಆಕಸ್ಮಿಕವಲ್ಲವೆಂದು ತೋರಿಸಿದರು. ಮೂರು ಅಥವಾ ಹೆಚ್ಚು ಆಯ್ಕೆಗಳಿರುವಾಗ, ಜನರ ಕ್ರಮಪಟ್ಟಿಗಳಿಂದ ಸಮಾಜದ ಕ್ರಮಪಟ್ಟಿಯನ್ನು ತಯಾರಿಸುವ ವಿಧಾನಕ್ಕೆ ಕೆಲವು ಸಾಮಾನ್ಯ ನಿಯಮಗಳನ್ನು ಅವರು ಹಾಕಿದರು. ಎಂಥ ಪಟ್ಟಿ ಕೊಟ್ಟರೂ ಅದು ಸುಸಂಗತವಾದ ಉತ್ತರ ಕೊಡಬೇಕು. ಎಲ್ಲರೂ ಒಂದನ್ನು ಇನ್ನೊಂದಕ್ಕಿಂತ ಮೆಚ್ಚಿದರೆ ಸಮಾಜವೂ ಹಾಗೆಯೇ ಹೇಳಬೇಕು. ಎರಡರ ನಡುವಣ ತೀರ್ಮಾನ ಮೂರನೆಯದನ್ನು ಅವಲಂಬಿಸಕೂಡದು. ಯಾವನೋ ಒಬ್ಬನ ಇಚ್ಛೆಯೇ ಎಲ್ಲರ ಇಚ್ಛೆಯಾಗಕೂಡದು. ಇವೆಲ್ಲವನ್ನೂ ಒಟ್ಟಿಗೆ ಪಾಲಿಸುವ ವಿಧಾನ ಅಸಾಧ್ಯವೆಂಬುದೇ ಅವರ ಪ್ರಮೇಯ.

ಆ ಪುಸ್ತಕದ ಸುದ್ದಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಬೇಗನೆ ಮುಟ್ಟಿತು. ಅಲ್ಲಿ ವಿದ್ಯಾರ್ಥಿಯಾಗಿದ್ದ ಅಮರ್ತ್ಯ ಸೇನ್ ಅವರಿಗೆ ಅದರ ಬಗ್ಗೆ ಹೇಳಿದವರು ಸಹಪಾಠಿ ಸುಖಮಯ ಚಕ್ರವರ್ತಿ. ಸೇನ್ ಅವರು 1966ರಲ್ಲಿ ಒಂದು ಪರಿಹಾರವನ್ನು ಮುಂದಿಟ್ಟರು. ಯಾವ ಮೂರು ಆಯ್ಕೆಗಳನ್ನು ತೆಗೆದುಕೊಂಡರೂ ಅವುಗಳಲ್ಲಿ ಒಂದರ ಬಗ್ಗೆಯಾದರೂ, ಅದು ಅತ್ಯುತ್ತಮವಲ್ಲ, ಅಥವಾ ಅತಿ ಕೆಟ್ಟದ್ದಲ್ಲ, ಅಥವಾ ನಡುವಿನದಲ್ಲ ಎಂಬಷ್ಟು ಒಮ್ಮತ ಎಲ್ಲರಲ್ಲಿಯೂ ಇದ್ದರೆ, ಮತದಾರರ ಸಂಖ್ಯೆ ಬೆಸವಾಗಿರುವಾಗ ಬಹುಮತದ ಸುತ್ತು ಹುಟ್ಟುವುದಿಲ್ಲ. ಪೂರ್ಣ ಒಮ್ಮತ ಬೇಕಿಲ್ಲ. ಭಿನ್ನಾಭಿಪ್ರಾಯಕ್ಕೆ ಒಂದು ಆಕಾರ ಇದ್ದರೆ ಸಾಕು.

ಈ ಚರ್ಚೆ ನಮ್ಮಿಂದ ದೂರದ್ದೆಂದು ಭಾವಿಸಬೇಕಾಗಿಲ್ಲ. ವಿಧಾನಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದವರೆಲ್ಲ ಮತಪತ್ರದ ಮೇಲೆ 1, 2, 3 ಎಂದು ಪ್ರಾಶಸ್ತ್ಯದ ಅಂಕಿಗಳನ್ನು ಬರೆದವರೇ. ರಾಷ್ಟ್ರಪತಿಯ ಚುನಾವಣೆಯೂ ಹಾಗೆಯೇ. ಅಲ್ಲಿ ದ್ವಿತೀಯ ಪ್ರಾಶಸ್ತ್ಯದ ಮತಗಳು ಫಲವನ್ನು ನಿರ್ಣಯಿಸಿದ್ದು ಇದುವರೆಗೆ ಒಂದೇ ಸಲ, 1969ರಲ್ಲಿ; ಆ ಪ್ರಸಂಗದ ಮೊದಲ ಅಂಕ ನಡೆದದ್ದು ಬೆಂಗಳೂರಿನಲ್ಲಿ. ಆ ವರ್ಷದ ಜುಲೈಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ, ಪಕ್ಷದ ಸಂಸದೀಯ ಮಂಡಳಿ ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ವಿ. ವಿ. ಗಿರಿಯವರು ಪಕ್ಷೇತರರಾಗಿ ನಿಂತರು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಬೆಂಬಲ ಸಿ. ಡಿ. ದೇಶಮುಖರಿಗೆ. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ನಮ್ಮ ಎಸ್. ನಿಜಲಿಂಗಪ್ಪನವರು ಆ ಎರಡು ಪಕ್ಷಗಳ ನಾಯಕರನ್ನು ಭೇಟಿಮಾಡಿ, ಅವರ ದ್ವಿತೀಯ ಪ್ರಾಶಸ್ತ್ಯದ ಮತಗಳು ರೆಡ್ಡಿಯವರಿಗೆ ಬರಲೆಂದು ಮಾತನಾಡಿದರು. ಲೆಕ್ಕದ ದೃಷ್ಟಿಯಿಂದ ಇದು ಅತ್ಯಂತ ಸಮಂಜಸವಾದ ನಡೆ. ಆದರೆ ಇಂದಿರಾ ಅವರ ಬಣ ಈ ಭೇಟಿಯನ್ನೇ ಆಪಾದನೆಯಾಗಿ ಮಾಡಿ, ಸದಸ್ಯರಿಗೆ ಆತ್ಮಸಾಕ್ಷಿಯ ಮತದ ಸ್ವಾತಂತ್ರ್ಯ ಬೇಕೆಂದಿತು. ಒಂದು ಅಂಕಿಯ ಬೇಟೆಗೆ ಹೋದವರು ಇನ್ನೊಂದನ್ನು ಕಳೆದುಕೊಂಡರು.

ಮತಗಳ ಮೌಲ್ಯವನ್ನು ಲೆಕ್ಕಹಾಕಿದಾಗ ಗೆಲುವಿಗೆ ಬೇಕಾಗಿದ್ದುದು 4,18,169. ಪ್ರಥಮ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769; ಯಾರೂ ಗೆರೆ ಮುಟ್ಟಲಿಲ್ಲ. ಹದಿನೈದು ಮಂದಿ ಕಣದಲ್ಲಿದ್ದರು. ಕಡೆಯಿಂದ ಒಬ್ಬೊಬ್ಬರನ್ನೇ ಕೈಬಿಟ್ಟು ಅವರ ಮತಪತ್ರಗಳ ಮುಂದಿನ ಅಂಕಿಯನ್ನು ನೋಡುತ್ತ ಹೋದಾಗ ರೆಡ್ಡಿಯವರಿಗೆ 91,879 ಸೇರಿತು, ಗಿರಿಯವರಿಗೆ 18,562 ಮಾತ್ರ. ಆದರೂ ಗಿರಿಯವರು 4,20,077ಕ್ಕೆ ಏರಿ ಗೆದ್ದರು. ರೆಡ್ಡಿಯವರು 4,05,427ರಲ್ಲಿ ನಿಂತರು. ಬೊರ್ಡಾ ಈ ಕಾಗದಗಳನ್ನು ನೋಡಿದ್ದರೆ ಬೇರೆಯದನ್ನೇ ಕೇಳುತ್ತಿದ್ದನು. ಗಿರಿಯವರಿಗೂ ರೆಡ್ಡಿಯವರಿಗೂ ಮೊದಲ ಅಂಕಿ ಬಿದ್ದ ಮತಪತ್ರಗಳಲ್ಲಿ ಎರಡನೆಯ ಅಂಕಿ ಯಾರ ಹೆಸರಿನ ಮುಂದೆ ಇತ್ತು, ದೇಶಮುಖರ ಮುಂದೆ ಎಷ್ಟು ಇದ್ದವು ಎಂಬುದನ್ನು ಈ ಎಣಿಕೆಯ ವಿಧಾನ ನೋಡುವುದೇ ಇಲ್ಲ. ಆ ಅಂಕಿಗಳನ್ನು ಯಾರೂ ಎಣಿಸಲಿಲ್ಲ.

ಆ ವರ್ಷದ ನವೆಂಬರಿನಲ್ಲಿ ಕಾಂಗ್ರೆಸ್ ಒಡೆಯಿತು. ಎಂಟು ವರ್ಷಗಳ ಬಳಿಕ, 1977ರಲ್ಲಿ, ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದರು. ಅವಿರೋಧವಾಗಿ ಆಯ್ಕೆಯಾದದ್ದರಿಂದ ಆ ಸಲ ಒಂದು ಮತವನ್ನೂ ಎಣಿಸಬೇಕಾಗಲಿಲ್ಲ.