ಗದಗ ಸೀಮೆಯ ನಾಟಕ ಕಂಪನಿ ಮತ್ತು ಅಚ್ಚು

ಗದಗ-ಬೆಟಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗದ ವೃತ್ತಿರಂಗಭೂಮಿ ಮತ್ತು ಅದರ ಬೆನ್ನಿಗೇ ಬೆಳೆದ ಅಗ್ಗದ ಮುದ್ರಣದ ಇತಿಹಾಸ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಡೆ ನಾಟಕವೆಂದರೆ ಮರಾಠಿಯದೇ. ತಮಾಷೆಯೆಂದರೆ, 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕ ಕಟ್ಟಲು ಪ್ರೇರಣೆಯಾದದ್ದು ಕರ್ನಾಟಕದ ಭಾಗವತರ ಆಟ. ಮರಾಠಿ ಕಂಪನಿಗಳ ದರ್ಬಾರು ಸಹಿಸದೆ ಶಾಂತಕವಿ (ಸಕ್ಕರಿ ಬಾಳಾಚಾರ್ಯ) 1870ರ ದಶಕದಲ್ಲಿ ಗದಗಿನಲ್ಲಿ ಊರದೇವರು ವೀರನಾರಾಯಣನ ಹೆಸರಿನಲ್ಲಿ ಕೃತಪುರ ನಾಟಕ ಮಂಡಳಿ ಹುಟ್ಟುಹಾಕಿದರು. ಕೃತಪುರವೆಂದರೆ ಗದಗೇ. ಮುಂದೆ ಶಿರಹಟ್ಟಿ ವೆಂಕೋಬರಾಯರ ಕಂಪನಿ, 'ಅಭಿನಯ ಕೇಸರಿ' ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂದವು. ಮೀಸೆ ಬೋಳಿಸಿದ ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರದೇ ಕಂಪನಿ ಕಟ್ಟಿದ್ದು ಸಣ್ಣ ಮಾತಲ್ಲ. ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದ ಅನ್ನಕ್ಕೂ ಆಶ್ರಮದ ನಾಟಕ ಕಂಪನಿಯ ಗಳಿಕೆ ಒದಗಿತು.

ಆಟವಿದ್ದ ದಿನ ಟಾಂಗಾ ಏರಿ ಬ್ಯಾಂಡು ಬಾರಿಸುತ್ತ ಓಣಿಓಣಿಗೆ ಹ್ಯಾಂಡಬಿಲ್ಲು ತೂರುತ್ತಿದ್ದರು. ತೆಳುವಾದ ಬಣ್ಣದ ಕಾಗದ, ಒಂದೇ ಮಸಿ. ಪೋಸ್ಟರಿನ ದಪ್ಪ ಅಕ್ಷರಕ್ಕೆ ಮರದ ಅಚ್ಚುಮೊಳೆ. ನಟನ ಮುಖಕ್ಕೆ ಬ್ಲಾಕ್ ಮಾಡಿಸುವುದು ಖರ್ಚಿನ ಬಾಬು, ಬಿರುದಾದರೆ ಪುಕ್ಕಟೆ.

ಇಲ್ಲಿ ಅಕ್ಷರಕ್ಕೆ ಒದಗಿದ ಮರ ಜಪಾನಿನಲ್ಲಿ ನಟನ ಮುಖಕ್ಕೇ ಒದಗಿತ್ತು. 1629ರಲ್ಲಿ ಅಲ್ಲಿನ ಕಬುಕಿ ನಾಟಕದಿಂದ ಹೆಂಗಸರನ್ನು ಹೊರಹಾಕಿದ ಮೇಲೆ ಅಲ್ಲಿಯೂ ಗಂಡಸರದೇ ಸ್ತ್ರೀಪಾತ್ರ. ಎಡೋ ನಗರದಲ್ಲಿ ಆ ನಟರ ಚಿತ್ರಗಳನ್ನು, ಅಂದರೆ 'ಯಾಕುಶಾ-ಎ'ಗಳನ್ನು, ಚೆರ್ರಿ ಮರದ ಹಲಗೆಯಲ್ಲಿ ಕೆತ್ತಿ ಬಣ್ಣಕ್ಕೊಂದು ಹಲಗೆಯಂತೆ ಅಚ್ಚೊತ್ತಿ ಜನಸಾಮಾನ್ಯರಿಗೆ ಎಟುಕುವ ಬೆಲೆಗೆ ಮಾರುತ್ತಿದ್ದರು. 1794ರಲ್ಲಿ ಚಿತ್ರಕಾರ ಶಾರಾಕು ಬರೆದ ನಟ ಒತಾನಿ ಒನಿಜಿಯ ಚಿತ್ರದಲ್ಲಿ ಖಳನ ಪಾತ್ರದ ಎರಡೂ ಕೈ ಎದೆಯ ಮುಂದೆ ಬೆರಳಗಲಿಸಿ ನಿಂತಿವೆ. ತುಟಿ ಬಿಗಿದಿದೆ, ಕಣ್ಣು ಮೆಳ್ಳೆ. ನಟನನ್ನು ಚೆಂದಗಾಣಿಸುವ ಗೊಡವೆಯೇ ಇಲ್ಲ. ಸುಮಾರು ಹತ್ತು ತಿಂಗಳಲ್ಲಿ ಶಾರಾಕು ಕಣ್ಮರೆಯಾದ.

ಗದಗಿನ ಅಚ್ಚುಕೂಟಗಳು ಹಿಡಿದದ್ದು ಮಾತಿನ ದಾರಿ. ಪಂಚಾಂಗದ ಜತೆಗೆ ನಾಟಕದ ಪುಸ್ತಕಗಳನ್ನೂ ಅಚ್ಚುಹಾಕಿದ ಶಾಬಾದಿಮಠ ಬುಕ್ ಡಿಪೋದಂಥವು ಹಳ್ಳಿಹಳ್ಳಿಗೆ ರಂಗಭೂಮಿಯನ್ನು ಮುಟ್ಟಿಸಿದವು. ಜಾತ್ರೆಯ ನಾಟಕಕ್ಕೆ ತಾಲೀಮು ನಡೆಸುವ ಪೇಟಿ ಮಾಸ್ತರರ ಮುಂದೆ ಹಾರ್ಮೋನಿಯಂ ಮೇಲೆ ಇಂಥದೇ ಪುಸ್ತಕ ಬಿಚ್ಚಿಕೊಂಡಿರುತ್ತದೆ. ಹಾಳೆಯ ಅಂಚಿಗೆ ಪೆನ್ಸಿಲ್ಲಿನಲ್ಲಿ ಊರ ಹುಡುಗರ ಹೆಸರು, ಯಾರ ಮಾತು ಎಲ್ಲಿಂದ ಎಲ್ಲಿಗೆ ಎಂಬ ಗೆರೆ.