ಕೊನೆಯ ಸ್ಥಾನದ ಹಾಡು

ಈ ಸಲ ಬೇಸಿಗೆ ರಜೆಗೆ ಬೆಂಗಳೂರಿನಿಂದ ಸುರಪುರಕ್ಕೆ ಬಂದ ಮೊಮ್ಮಗಳು ಎರಡು ದಿನ ಮುಖ ಊದಿಸಿಕೊಂಡೇ ಇದ್ದಳು. ಮಾವಿನಹಣ್ಣಿನ ಸೀಕರಣೆ ಮಾಡಿಕೊಟ್ಟರೂ ಬೇಡ, ವೇಣುಗೋಪಾಲಸ್ವಾಮಿ ಗುಡಿಗೆ ಹೋಗೋಣ ಬಾ ಎಂದರೂ ಬೇಡ. ಮೂರನೆಯ ದಿನ ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತ ಕೂತಾಗ ಸಂಗತಿ ಹೊರಗೆ ಬಿತ್ತು. ಶಾಲೆಯ ಹಾಡಿನ ಸ್ಪರ್ಧೆಯಲ್ಲಿ ಹದಿನೆಂಟು ಮಕ್ಕಳು ಹಾಡಿದರಂತೆ, ಇವಳು ಹದಿನೆಂಟನೆಯವಳಂತೆ. ಅದನ್ನು ಪಟ್ಟಿ ಮಾಡಿ ಗೋಡೆಗೆ ಬೇರೆ ಅಂಟಿಸಿದ್ದರಂತೆ.

"ಆಯಿ, ಇನ್ಮೇಲೆ ನಾನು ಹಾಡೋದೇ ಇಲ್ಲ" ಎಂದಳು.

ಹೆಣೆಯುತ್ತಿದ್ದ ನನ್ನ ಕೈ ಅಲ್ಲಿಯೇ ನಿಂತಿತು. ಹನ್ನೆರಡನೆಯ ವಯಸ್ಸಿನಲ್ಲಿ ನಾನೂ ಇದೇ ಮಾತನ್ನು ಆಡಿದ್ದೆ. ಆಡಿದ್ದಷ್ಟೇ ಅಲ್ಲ, ಆಡಿದ ಹಾಗೆ ನಡೆದೂ ಬಿಟ್ಟೆ. ಆ ಕಥೆಯನ್ನು ಅವಳಿಗೆ ಒಮ್ಮೆಲೇ ಹೇಳುವ ಧೈರ್ಯವಾಗಲಿಲ್ಲ. ಮೊದಲು ಬೇರೆ ಒಂದು ಸೋತ ಹಾಡಿನ ಕಥೆ ಹೇಳಿದೆ.

ಆ ಹಾಡು ನನಗೆ ಸಿಕ್ಕಿದ್ದು ಗೋವೆಯಲ್ಲಿ. ನಮ್ಮ ಯಜಮಾನರ ಬ್ಯಾಂಕಿನ ಕೆಲಸದ ದೆಸೆಯಿಂದ ನಾಲ್ಕು ವರ್ಷ ವಾಸ್ಕೋದಲ್ಲಿದ್ದೆವು. ನಮ್ಮ ಕಡೆಯಿಂದ ದುಡಿಯಲು ಹೋದ ಜನ ಅಲ್ಲಿ ಬಹಳ. ಸಂತೆಗೆ ಹೋದರೆ ಯಾದಗಿರಿ, ಶಹಾಪುರದ ಮಾತು ಕಿವಿಗೆ ಬೀಳುತ್ತಿತ್ತು. ಪಕ್ಕದ ಮನೆಯಲ್ಲಿ ವಯಸ್ಸಾದ ಒಬ್ಬ ಕ್ರೈಸ್ತ ಹೆಣ್ಣುಮಗಳು ಒಬ್ಬರೇ ಇದ್ದರು. ಓಣಿಯವರೆಲ್ಲ ಅವರನ್ನು ಆಂಟಿ ಎನ್ನುತ್ತಿದ್ದರು. ಅವರ ಅಕ್ಕ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ನೆಲೆಸಿದ್ದಳು. ಸಂಜೆ ಒಮ್ಮೊಮ್ಮೆ ಆಂಟಿ ಒಂದು ಕ್ಯಾಸೆಟ್ಟು ಹಾಕುತ್ತಿದ್ದರು. ಗಂಡಸಿನ ದನಿ, ನಿಧಾನವಾದ ಧಾಟಿ, ಅಗಲಿಕೆಯ ಪ್ರೇಮಗೀತೆ. ಭಾಷೆ ತಿಳಿಯದಿದ್ದರೂ ದುಃಖ ತಿಳಿಯುತ್ತಿತ್ತು. ಒಂದು ದಿನ ಕೇಳಿದಾಗ ಅವರು ನಕ್ಕು, ಇದು ಸ್ಪರ್ಧೆಯಲ್ಲಿ ಕೊನೆಗೆ ಬಂದ ಹಾಡು, ಆದರೆ ಇದರಿಂದಲೇ ನನ್ನ ಅಕ್ಕನ ಮುಖವನ್ನು ನಾನು ಮತ್ತೆ ನೋಡಿದೆ ಎಂದರು. ಅದು ನನಗೆ ಒಗಟಿನಂತೆ ಕೇಳಿಸಿತು. ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಯುರೋಪಿನ ದೇಶಗಳ ನಡುವೆ ಯೂರೋವಿಷನ್ ಎಂಬ ಹಾಡಿನ ಸ್ಪರ್ಧೆ ಇದೆ. ಅದು ಮೊದಲು ನಡೆದದ್ದು 1956ರಲ್ಲಿ, ಸ್ವಿಟ್ಜರ್ಲೆಂಡಿನ ಲುಗಾನೊ ಎಂಬ ಊರಿನಲ್ಲಿ. ಎರಡನೆಯ ಮಹಾಯುದ್ಧ ಮುಗಿದು ಹನ್ನೊಂದು ವರ್ಷವಾಗಿತ್ತು. ನಿನ್ನೆ ಮೊನ್ನೆ ಒಬ್ಬರ ಮೇಲೊಬ್ಬರು ಬಾಂಬು ಹಾಕಿದ ದೇಶಗಳನ್ನು ಒಂದೇ ರಾತ್ರಿ ಒಂದೇ ಕಾರ್ಯಕ್ರಮದ ಮುಂದೆ ಕೂರಿಸುವ ಪ್ರಯತ್ನ ಅದು. ಮೊದಲ ವರ್ಷ ಏಳು ದೇಶಗಳು ಸೇರಿದವು. ಮುಂದೆ ಒಂದು ದೇಶಕ್ಕೆ ಒಂದು ಹಾಡು ಎಂದಾಯಿತು. ನಾವು ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾದಲ್ಲಿ ಈ ವಾರ ಯಾವ ಹಾಡು ಯಾವ ಮೆಟ್ಟಿಲಿನಲ್ಲಿದೆ ಎಂದು ಅಮೀನ್ ಸಯಾನಿಯವರ ದನಿಗಾಗಿ ಕಾದು ಕೂರುತ್ತಿರಲಿಲ್ಲವೇ, ಹಾಗೆ ಅಲ್ಲಿಯವರು ಮತ ಎಣಿಕೆಗಾಗಿ ಕಾಯುತ್ತಿದ್ದರು. ನಮ್ಮಲ್ಲಿ ಸಿನಿಮಾ ಹಾಡಿನ ಮಾನ, ಅಲ್ಲಿ ದೇಶದ ಮಾನ.

ಪೋರ್ಚುಗಲ್ ಈ ಸ್ಪರ್ಧೆಗೆ 1964ರಲ್ಲಿ ಮೊದಲು ಬಂತು. ಆ ವರ್ಷ ಅದಕ್ಕೆ ಸಿಕ್ಕಿದ್ದು ಸೊನ್ನೆ. ಆಗ ಆ ದೇಶದಲ್ಲಿದ್ದದ್ದು ಸರ್ವಾಧಿಕಾರ. 1926ರಲ್ಲಿ ಸೈನ್ಯ ಅಧಿಕಾರ ಹಿಡಿದು, 1932ರಿಂದ 1968ರವರೆಗೆ ಸಲಜಾರ್ ಪ್ರಧಾನಿಯಾಗಿದ್ದ. ಅವನ ನಂತರ ಕೈಟಾನೊ ಎಂಬವನು ಬಂದ. ಪತ್ರಿಕೆಗಳಲ್ಲಿ ಏನು ಬರಬೇಕು, ಏನು ಬರಬಾರದು ಎಂದು ಅಧಿಕಾರಿಗಳು ನೀಲಿ ಪೆನ್ಸಿಲ್ ಹಿಡಿದು ಹೊಡೆದುಹಾಕುತ್ತಿದ್ದರು. ಗುಪ್ತ ಪೊಲೀಸರ ಕಿವಿ ಇಲ್ಲದ ಜಾಗ ಇರಲಿಲ್ಲ. ಆಫ್ರಿಕದ ಅಂಗೋಲ, ಗಿನಿ, ಮೊಜಾಂಬಿಕ್‌ಗಳನ್ನು ಬಿಟ್ಟುಕೊಡಲು ಒಪ್ಪದೆ ಹದಿಮೂರು ವರ್ಷದಿಂದ ಯುದ್ಧ ನಡೆಸಿ, ಪ್ರಾಯದ ಹುಡುಗರನ್ನು ಅಲ್ಲಿಗೆ ಅಟ್ಟುತ್ತಿದ್ದರು. ಎಷ್ಟು ತಾಯಂದಿರ ಒಡಲು ಉರಿದಿರಬೇಡ.

1972ರಲ್ಲಿ ಮೂವರು ಲೇಖಕಿಯರು ಸೇರಿ ಒಂದು ಪುಸ್ತಕ ಬರೆದರು. ಮೂವರ ಹೆಸರಿನಲ್ಲೂ ಮರಿಯಾ ಎಂದಿದ್ದುದರಿಂದ ಮೂವರು ಮರಿಯಾರು ಎಂದೇ ಅವರು ಹೆಸರಾಗಿದ್ದಾರೆ. ಹೆಣ್ಣಿನ ಬಯಕೆ, ಬೇಗುದಿಗಳನ್ನು ಮುಚ್ಚುಮರೆಯಿಲ್ಲದೆ ಬರೆದದ್ದಕ್ಕೆ ಸರ್ಕಾರ ಆ ಪುಸ್ತಕವನ್ನು ನಿಷೇಧಿಸಿ, ಅವರನ್ನು ಕೋರ್ಟಿಗೆ ಎಳೆಯಿತು.

ಇಂಥ ದೇಶದಿಂದ 1974ರಲ್ಲಿ ಪಾವ್ಲೊ ದ ಕಾರ್ವಾಲ್ಯು ಎಂಬ ಯುವಕ ಹಾಡಲು ಹೋದ. ಹಾಡಿನ ಹೆಸರಿನ ಅರ್ಥ 'ವಿದಾಯದ ನಂತರ' ಎಂದು. ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ಪರ್ಧೆ. ಹದಿನೇಳು ದೇಶಗಳು, ದೇಶಕ್ಕೆ ಹತ್ತು ಮಂದಿ ತೀರ್ಪುಗಾರರು, ಒಬ್ಬೊಬ್ಬರಿಗೆ ಒಂದೊಂದು ಮತ. ಗೆದ್ದದ್ದು ಸ್ವೀಡನ್ನಿನ ಅಬ್ಬಾ ತಂಡದ 'ವಾಟರ್ಲೂ', 24 ಮತ ಪಡೆದು. ಮುಂದೆ ಆ ತಂಡ ಲೋಕಪ್ರಸಿದ್ಧವಾಯಿತು. ಪೋರ್ಚುಗಲ್ಲಿಗೆ ಬಿದ್ದದ್ದು 3 ಮತ. ಅಷ್ಟೇ ಮತ ಪಡೆದ ಇನ್ನೂ ಮೂರು ದೇಶಗಳ ಜೊತೆ ಅದು ಕೊನೆಯ ಸ್ಥಾನ ಹಂಚಿಕೊಂಡಿತು. ಹುಡುಗ ಊರಿಗೆ ಮರಳಿದ. ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಅದೇ ತಿಂಗಳು, ಯುದ್ಧದಿಂದ ಬೇಸತ್ತ ಸೈನ್ಯದ ಕಿರಿಯ ಅಧಿಕಾರಿಗಳು ಸರ್ಕಾರವನ್ನು ಇಳಿಸಲು ಗುಟ್ಟಾಗಿ ಸಿದ್ಧರಾಗುತ್ತಿದ್ದರು. ಬೇರೆ ಬೇರೆ ಠಾಣ್ಯಗಳಲ್ಲಿದ್ದವರೆಲ್ಲ ಒಂದೇ ಹೊತ್ತಿಗೆ ಹೊರಡಬೇಕು, ಆದರೆ ಟೆಲಿಫೋನ್ ನಂಬುವಂತಿಲ್ಲ. ಹಾಗಾದರೆ ಸುದ್ದಿ ಮುಟ್ಟಿಸುವುದು ಹೇಗೆ? ರೇಡಿಯೋದಲ್ಲಿ ಹಾಡು ಹಾಕಿಸಿ. ಆ ಹಾಡು ಯಾರಿಗೂ ಅನುಮಾನ ಬರದಂಥದ್ದಾಗಿರಬೇಕು. ಮೊನ್ನೆಯಷ್ಟೇ ದೇಶದ ಪರವಾಗಿ ಹೋಗಿಬಂದ, ಎಲ್ಲರೂ ಕೇಳಿದ, ರಾಜಕೀಯದ ಸೋಂಕೇ ಇಲ್ಲದ ಪ್ರೇಮಗೀತೆಯನ್ನು ಯಾವ ನೀಲಿ ಪೆನ್ಸಿಲ್ ಹೊಡೆದುಹಾಕೀತು?

1974ರ ಏಪ್ರಿಲ್ 24ರ ರಾತ್ರಿ, ಹನ್ನೊಂದಕ್ಕೆ ಐದು ನಿಮಿಷವಿದ್ದಾಗ, ಲಿಸ್ಬನ್ನಿನ ಒಂದು ಬಾನುಲಿ ಕೇಂದ್ರ ಆ ಹಾಡನ್ನು ಹಾಕಿತು. ಸಿದ್ಧರಾಗಿ ಎಂಬುದು ಅದರ ಅರ್ಥ. ಕೇಳಿದ ಸಾವಿರಾರು ಮನೆಗಳಲ್ಲಿ ಹೆಂಗಸರು ಪಾತ್ರೆ ತೊಳೆಯುತ್ತಲೋ ಮಕ್ಕಳನ್ನು ಮಲಗಿಸುತ್ತಲೋ ಅದರ ಜೊತೆ ಗುನುಗಿರಬಹುದು. ಮಧ್ಯರಾತ್ರಿ ದಾಟಿ ಸುಮಾರು ಇಪ್ಪತ್ತು ನಿಮಿಷಕ್ಕೆ ಇಡೀ ದೇಶಕ್ಕೆ ಕೇಳಿಸುವ ಇನ್ನೊಂದು ಕೇಂದ್ರದಿಂದ ಎರಡನೆಯ ಹಾಡು ಬಂತು. ಅದು ಸರ್ಕಾರದ ಕೆಂಗಣ್ಣಿಗೆ ಗುರಿಯಾಗಿದ್ದ ಜೋಸೆ ಅಫೊನ್ಸೊ ಎಂಬ ಗಾಯಕನದು. ಹೊರಡಿ ಎಂಬುದು ಅದರ ಅರ್ಥ.

ಬೆಳಗಾಗುವಷ್ಟರಲ್ಲಿ ಟ್ಯಾಂಕುಗಳು ಲಿಸ್ಬನ್ನಿನ ಬೀದಿಯಲ್ಲಿದ್ದವು. ಮನೆಯಲ್ಲೇ ಇರಿ ಎಂದು ರೇಡಿಯೋ ಹೇಳುತ್ತಿದ್ದರೂ ಜನ ಹೊರಗೆ ಬಂದರು. ಅವತ್ತು ಸೆಲೆಸ್ತ್ ಕಾಯೈರೊ ಎಂಬ ಹೆಣ್ಣುಮಗಳು ತಾನು ಕೆಲಸ ಮಾಡುತ್ತಿದ್ದ ಹೋಟೆಲಿಗೆ ಹೋದಳು. ಹೋಟೆಲು ತೆರೆದು ಒಂದು ವರ್ಷವಾದ ದಿನ ಅದು, ಗಿರಾಕಿಗಳಿಗೆ ಕೊಡಲೆಂದು ಕಾರ್ನೇಷನ್ ಹೂ ತರಿಸಿಟ್ಟಿದ್ದರು. ಗಲಾಟೆಯೆಂದು ಬಾಗಿಲು ಹಾಕಿ, ಹೂ ಮನೆಗೆ ಒಯ್ಯಿರಿ ಎಂದರು ಯಜಮಾನರು. ದಾರಿಯಲ್ಲಿ ಒಬ್ಬ ಸೈನಿಕ ಅವಳನ್ನು ಸಿಗರೇಟು ಕೇಳಿದ. ಅವಳ ಬಳಿ ಸಿಗರೇಟು ಎಲ್ಲಿಂದ ಬರಬೇಕು? ಕೈಯಲ್ಲಿದ್ದ ಹೂ ಕೊಟ್ಟಳು. ಅವನು ಅದನ್ನು ಬಂದೂಕಿನ ಬಾಯಿಗೆ ಸಿಕ್ಕಿಸಿದ. ಅವಳು ಮುಂದಿನವನಿಗೂ ಕೊಟ್ಟಳು, ಮತ್ತೊಬ್ಬನಿಗೂ ಕೊಟ್ಟಳು. ಹೂ ಮಾರುವ ಹೆಂಗಸರೂ ಕೊಡತೊಡಗಿದರು. ಅದಕ್ಕೇ ಚರಿತ್ರೆಯಲ್ಲಿ ಅದು ಕಾರ್ನೇಷನ್ ಕ್ರಾಂತಿ. ಸೆಲೆಸ್ತ್ 2024ರ ನವೆಂಬರಿನಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಆ ದಿನ ಗುಪ್ತ ಪೊಲೀಸರ ಗುಂಡಿಗೆ ನಾಲ್ವರು ಬಲಿಯಾದರು. ಸಂಜೆಗೆ ಕೈಟಾನೊ ಶರಣಾದ. ಮುಂದಿನ ತಿಂಗಳೇ ಮೂವರು ಮರಿಯಾರನ್ನು ಕೋರ್ಟು ಬಿಡುಗಡೆ ಮಾಡಿತು. 1975ರ ಏಪ್ರಿಲ್ 25ರಂದು ನಡೆದ ಚುನಾವಣೆಯಲ್ಲಿ ಓದು ಬರಹ ಬಾರದ ಹೆಂಗಸರೂ ಮತ ಹಾಕಿದರು.

ಇದರಲ್ಲಿ ಗೋವೆಯ ಆಂಟಿಗೇನು, ಸುರಪುರದ ನನಗೇನು ಎಂದು ನೀವು ಕೇಳಬಹುದು. ಗೋವೆಯನ್ನು ಪೋರ್ಚುಗೀಸರು 1510ರಿಂದ ಆಳಿದರು. 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳ ಮೇಲೆ ಅವರು ಗುಂಡು ಹಾರಿಸಿದರು. ನಮ್ಮ ನರಗುಂದದ ಜಗನ್ನಾಥರಾವ್ ಜೋಶಿಯವರು ಆ ವರ್ಷ ಸತ್ಯಾಗ್ರಹಕ್ಕೆ ಹೋಗಿ ಗೋವೆಯ ಸೆರೆಮನೆ ಕಂಡರು. ಅದೇ ವರ್ಷದ ನವೆಂಬರಿನಲ್ಲಿ ಲಿಬಿಯಾ ಲೋಬೊ ಎಂಬ ತರುಣಿ, ವಾಮನ ಸರದೇಸಾಯಿಯವರ ಜೊತೆ ಕಾಡಿನಲ್ಲಿ ಗುಟ್ಟಿನ ರೇಡಿಯೋ ಶುರುಮಾಡಿದರು. ಅದು ಮುಂದೆ ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ಗೆ ಬಂತು. ಆರು ವರ್ಷ ಆ ದನಿ ಘಟ್ಟ ಇಳಿದು ಗೋವೆಯ ಮನೆಗಳನ್ನು ಮುಟ್ಟಿತು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾದಾಗ ಆಕೆ ವಿಮಾನದಿಂದ ಧ್ವನಿವರ್ಧಕದಲ್ಲಿ ಆ ಸುದ್ದಿ ಸಾರಿದರು. ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ನೂರರ ವಯಸ್ಸಿನಲ್ಲಿ.

ಬಿಡುಗಡೆಯೇನೋ ಆಯಿತು, ಪೋರ್ಚುಗಲ್ ಅದನ್ನು ಒಪ್ಪಲಿಲ್ಲ. ಎರಡು ದೇಶಗಳ ನಡುವೆ ರಾಯಭಾರವೇ ಇರಲಿಲ್ಲ. ಒಡಹುಟ್ಟಿದವರು ಒಬ್ಬರು ಅಲ್ಲಿ, ಒಬ್ಬರು ಇಲ್ಲಿ ಉಳಿದರು. ಕ್ರಾಂತಿಯಾಗಿ ಹೊಸ ಸರ್ಕಾರ ಬಂದ ಮೇಲೆ, 1974ರ ಡಿಸೆಂಬರ್ 31ರಂದು ದೆಹಲಿಯಲ್ಲಿ ಒಪ್ಪಂದವಾಗಿ, ಗೋವೆ ಭಾರತದ್ದೆಂದು ಪೋರ್ಚುಗಲ್ ಮಾನ್ಯ ಮಾಡಿತು. ಅದಾದ ಮೇಲೆ ಆಂಟಿಯ ಅಕ್ಕ ಬಂದಳು. ವಾಸ್ಕೋದ ಆ ಪಡಸಾಲೆಯಲ್ಲಿ ಇಬ್ಬರೂ ಕೂತು ಅತ್ತರಂತೆ. ಹಾಡೇ ಕ್ರಾಂತಿ ಮಾಡಿತು ಎಂದರೆ ಅತಿಶಯವಾದೀತು. ಮಾಡಿದವರು ಯುದ್ಧದಿಂದ ಬೆಂದ ಮನುಷ್ಯರು. ಆದರೆ ಅವತ್ತು ರಾತ್ರಿ ಅವರನ್ನು ಎಬ್ಬಿಸಿದ್ದು ಮೂರು ಮತದ ಆ ಹಾಡು.

ಇಷ್ಟು ಹೇಳುವಷ್ಟರಲ್ಲಿ ಎರಡೂ ಜಡೆ ಮುಗಿದಿದ್ದವು. ಮೊಮ್ಮಗಳು ಹೊರಳಿ ಕೂತು, "ಆಯಿ, ನೀನ್ಯಾಕೆ ಹಾಡಲ್ಲ?" ಎಂದಳು.

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. 1974ರ ಸುಮಾರಿನಲ್ಲಿಯೇ ನಮ್ಮ ಶಾಲೆಯ ಗ್ಯಾದರಿಂಗಿನಲ್ಲಿ ಹುಡುಗಿಯರಿಗೆ ಹಾಡಿನ ಸ್ಪರ್ಧೆ ಇತ್ತು. ಎಲ್ಲರೂ ಸಿನಿಮಾ ಹಾಡು, ಭಾವಗೀತೆ ಕಲಿತು ಬಂದಿದ್ದರು. ನನಗೆ ಬರುತ್ತಿದ್ದದ್ದು ನಮ್ಮ ಅವ್ವ ನಸುಕಿನಲ್ಲಿ ಜೋಳ ಬೀಸುತ್ತ ಹೇಳುತ್ತಿದ್ದ ಪದ. ಅದನ್ನೇ ಹಾಡಿದೆ. ಮುಂದೆ ಕೂತಿದ್ದ ತೀರ್ಪುಗಾರರೊಬ್ಬರು, "ಇದು ಹಾಡಲ್ಲವಾ, ಬೀಸೂ ಪದ. ಮನ್ಯಾಗ ಬೀಸ್ಕೋತ ಹಾಡು" ಎಂದರು. ಸಭೆ ನಕ್ಕಿತು. ನನಗೆ ಕೊನೆಯ ಸ್ಥಾನ.

ಮನೆಗೆ ಬಂದಾಗ ಅವ್ವ, "ಏನಾತವಾ, ಬಹುಮಾನ ಬಂತೇನು?" ಎಂದು ಕೇಳಿದಳು. ನಾನು ಹಾಡಲೇ ಇಲ್ಲ ಎಂದು ಸುಳ್ಳು ಹೇಳಿದೆ. ಅಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಮರುದಿನ ನಸುಕಿನಲ್ಲಿ ಅವ್ವ ಬೀಸುಕಲ್ಲಿನ ಮುಂದೆ ಕೂತು ಪದ ಎತ್ತಿದಾಗ, "ಸುಮ್ಕಿರಬೇ ಯವ್ವಾ, ಮಂದಿ ನಗ್ತಾರ" ಎಂದುಬಿಟ್ಟೆ. ಅವ್ವ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಕಲ್ಲಿನ ಸದ್ದಷ್ಟೇ ಕೇಳಿಸಿತು. ಕೆಲ ವರ್ಷದಲ್ಲಿ ಮಗ್ಗುಲ ಓಣಿಗೆ ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಹಿತ್ತಲು ಸೇರಿತು. ಪದ ಹೋದದ್ದಕ್ಕೆ ನಾನು ಬಹುಕಾಲ ಗಿರಣಿಯನ್ನೇ ಬೈದಿದ್ದೇನೆ. ಅದರ ಮೊದಲೇ ಅವ್ವನ ಬಾಯಿ ಕಟ್ಟಿದವಳು ನಾನು.

ಹಾಗೆ ನೋಡಿದರೆ ನಮ್ಮ ನಾಡಿಗೆ ಹಾಡಿನ ಸ್ಪರ್ಧೆ ಹೊಸದೇ? ಹರದೇಶಿ ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ಸವಾಲು ಜವಾಬು ಹಾಡುತ್ತವೆ. ಮೊಹರಂನಲ್ಲಿ ರಿವಾಯತ್ ಪದದವರು ಓಣಿ ಓಣಿಗೆ ಪೈಪೋಟಿ ನಡೆಸುತ್ತಾರೆ. ನಮ್ಮ ಗುಡ್ಡದ ಮೇಲೆ ಮನೆ ಕಟ್ಟಿಸಿದ ಮೆಡೋಸ್ ಟೇಲರ್ ಸಾಹೇಬ ರಾಜಾ ವೆಂಕಟಪ್ಪ ನಾಯಕನ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದಿಟ್ಟ. ನಾನು 1858ರ ಆ ಬಂಡಾಯವನ್ನು ಮೊದಲು ಕೇಳಿದ್ದು ಪುಸ್ತಕದಿಂದಲ್ಲ, ಪದ ಹೇಳುವವರ ಬಾಯಿಂದ. ಹಲಗಲಿಯ ಬೇಡರ ಲಾವಣಿಯನ್ನು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಬರೆಸಿಕೊಂಡು ಅಚ್ಚು ಹಾಕಿಸಿದ. ಅವಕ್ಕೆಲ್ಲ ಯಾರು ಎಷ್ಟು ಗುಣ ಕೊಟ್ಟಿದ್ದರು?

ಮೊಮ್ಮಗಳು ಅವ್ವನ ಪದ ಹೇಳು ಎಂದು ಹಟ ಹಿಡಿದಳು. ಐವತ್ತು ವರ್ಷ ಕಟ್ಟಿದ್ದ ದನಿ, ಹೊರಡಲು ಹೊತ್ತು ಹಿಡಿಯಿತು. ಎರಡು ನುಡಿ ಬಂದವು. ಮೂರನೆಯದು ಅರ್ಧಕ್ಕೇ ನಿಂತಿತು. ಎಷ್ಟು ತಡಕಾಡಿದರೂ ಮುಂದಿನದು ನೆನಪಿಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂದವು.

ವಾಗಣಗೇರಿಯಲ್ಲಿ ನಮ್ಮ ಚಿಗವ್ವ ಇದ್ದಾಳೆ, ಎಂಬತ್ತು ದಾಟಿದೆ. ಅವ್ವನ ಜೊತೆ ಒಂದೇ ಕಲ್ಲಿಗೆ ಕೈ ಹಚ್ಚಿ ಬೀಸಿದವಳು. ಮರುದಿನ ಇಬ್ಬರೂ ಬಸ್ಸು ಹತ್ತಿ ಅಲ್ಲಿಗೆ ಹೋದೆವು. ಚಿಗವ್ವ ಮೊದಲು ನಾಚಿ, "ಈಗ ಯಾರು ಕೇಳ್ತಾರವಾ ಇವನ್ನ" ಎಂದಳು. ಮೊಮ್ಮಗಳು ಅವಳ ಮುಂದೆ ಫೋನು ಇಟ್ಟು ಚಕ್ಕಳಮಕ್ಕಳ ಹಾಕಿ ಕೂತಳು. ಚಿಗವ್ವ ನನ್ನ ನಿಂತುಹೋದ ನುಡಿಯಿಂದಲೇ ಎತ್ತಿಕೊಂಡಳು. ಹನ್ನೊಂದು ನುಡಿ ಹೇಳಿದಳು. ಮೊಮ್ಮಗಳು ಧಾಟಿ ಹಿಡಿಯಲು ಎರಡು ಸಲ ತಪ್ಪಿದಳು, ಮೂರನೆಯ ಸಲಕ್ಕೆ ಸಿಕ್ಕಿತು.