ಲಿನಕ್ಸ್: ಹಾವೇರಿ ಸೀಮೆಯಲ್ಲಿ ಸ್ಥಾಪನೆ ಮತ್ತು ನಿರ್ವಹಣೆ

ಕಂಪ್ಯೂಟರಿನ ಯಂತ್ರಭಾಗಗಳನ್ನು ಹತೋಟಿಯಲ್ಲಿಟ್ಟುಕೊಂಡು ಉಳಿದೆಲ್ಲ ತಂತ್ರಾಂಶಗಳಿಗೆ ನೆಲೆ ಒದಗಿಸುವುದು ಕಾರ್ಯಾಚರಣ ವ್ಯವಸ್ಥೆ. ಅದನ್ನು ಓದಲು, ತಿದ್ದಲು, ನಕಲು ಮಾಡಿ ಹಂಚಲು ಪರವಾನಗಿಯಲ್ಲೇ ಹಕ್ಕು ಕೊಟ್ಟಿದ್ದರೆ ಅದು ಮುಕ್ತ ವ್ಯವಸ್ಥೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಅಂಥ ವ್ಯವಸ್ಥೆಯೊಂದನ್ನು ಕಟ್ಟುವ ಗ್ನೂ ಯೋಜನೆಯನ್ನು ಸಾರಿದರು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನುಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳನ್ನು, ಹೊರತಂದು, ಮರುವರ್ಷ ಅದನ್ನು ಗ್ನೂ ಪರವಾನಗಿಗೆ ಒಳಪಡಿಸಿದರು. 1993ರಲ್ಲಿ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಗಳು ಹುಟ್ಟಿದವು. ಇಷ್ಟನ್ನು ಯಾವ ಪಠ್ಯಪುಸ್ತಕವಾದರೂ ಹೇಳುತ್ತದೆ. ಹಾವೇರಿ ಸೀಮೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಂಥ ತಾಲ್ಲೂಕು ಊರುಗಳಲ್ಲಿ ನಿಂತು ನೋಡುವವರಿಗೆ ಬೇರೆಯೇ ಪ್ರಶ್ನೆ ಏಳುತ್ತದೆ: ಪುಕ್ಕಟೆ ಸಿಗುವ ವ್ಯವಸ್ಥೆ ಬಡ ತಾಲ್ಲೂಕುಗಳಲ್ಲಿಯೇ ಮೊದಲು ಬೇರೂರಬೇಕಿತ್ತಲ್ಲ, ಹಾಗೇಕೆ ಆಗಲಿಲ್ಲ? ಬೆಲೆಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಲಿನಕ್ಸ್ ಹಾಕುವುದು ಒಂದು ಮಧ್ಯಾಹ್ನದ ಕೆಲಸ, ಅದನ್ನು ನಡೆಸಿಕೊಂಡು ಹೋಗುವುದು ವರ್ಷಗಟ್ಟಲೆಯ ಕೆಲಸ. ಆ ಎರಡನೆಯ ಕೆಲಸಕ್ಕೆ ಆಳು ಇದ್ದಲ್ಲಿ ಅದು ಉಳಿದಿದೆ, ಇಲ್ಲದಲ್ಲಿ ಅಳಿದಿದೆ.

ಧಾರವಾಡ ಜಿಲ್ಲೆಯಿಂದ ಒಡೆದು 1997ರಲ್ಲಿ ಹಾವೇರಿ ಜಿಲ್ಲೆಯಾದ ಕೆಲವೇ ವರ್ಷಗಳಲ್ಲಿ ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗಳಿಗೆ 'ಭೂಮಿ' ಯೋಜನೆ ಬಂತು. ತಲಾಟಿಯ ಕೈಬರಹದ ಉತಾರದ ಬದಲು ಕಂಪ್ಯೂಟರಿನಿಂದ ಮುದ್ರಿಸಿದ ಪಹಣಿ ರೈತರ ಕೈಗೆ ಸಿಗತೊಡಗಿತು. ಈ ಸೀಮೆಯ ಬಹಳಷ್ಟು ಜನ ಸರ್ಕಾರಿ ಕಂಪ್ಯೂಟರನ್ನು ಮೊದಲು ಕಂಡಿದ್ದು ಆ ಕಿಟಕಿಯಲ್ಲಿಯೇ, ಮತ್ತು ಅದು ನಡೆಯುತ್ತಿದ್ದದ್ದು ವಿಂಡೋಸ್ ಮೇಲೆ. ಕನ್ನಡ ಬರವಣಿಗೆಯೂ ಅಲ್ಲಿಗೇ ಗಂಟುಬಿದ್ದಿತ್ತು. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಎರಡೂ ವಿಂಡೋಸಿಗೆಂದೇ ಬರೆದ ತಂತ್ರಾಂಶಗಳು. ಅವುಗಳ ಹಳೆಯ ಕಡತಗಳಲ್ಲಿ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ, ಆ ಫಾಂಟ್ ಹಾಕಿದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತಿತ್ತು. ಕಚೇರಿಯ ಸುತ್ತೋಲೆ, ಡಿಟಿಪಿ ಅಂಗಡಿಯ ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲವೂ ಆ ಸಂಕೇತದಲ್ಲೇ ಇದ್ದಾಗ ಲಿನಕ್ಸ್ ಯಂತ್ರದಲ್ಲಿ ತೆರೆದವರಿಗೆ ಕಾಣುತ್ತಿದ್ದದ್ದು ಅರ್ಥವಿಲ್ಲದ ಸಾಲುಗಳು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತಾದರೂ ಅದು ತಾಲ್ಲೂಕಿನ ಟೇಬಲ್ಲಿಗೆ ಇಳಿದುಬರಲು ಬಹಳ ಕಾಲ ಹಿಡಿಯಿತು.

ಮೊದಲ ಕಾಲದ ಸ್ಥಾಪನೆ ನಿಜಕ್ಕೂ ಕಷ್ಟದ ಕೆಲಸವಾಗಿತ್ತು. 1990ರ ದಶಕದಲ್ಲಿ ಭಾರತದ ಆಸಕ್ತರಿಗೆ ಲಿನಕ್ಸ್ ಮುಖ್ಯವಾಗಿ ಸಿಕ್ಕಿದ್ದು ಪಿಸಿಕ್ವೆಸ್ಟ್ ಪತ್ರಿಕೆಯ ಜತೆ ಬರುತ್ತಿದ್ದ ಸಿಡಿಗಳಲ್ಲಿ. ಡಿಸ್ಕನ್ನು ಭಾಗ ಮಾಡುವಾಗ ಕೈ ತಪ್ಪಿದರೆ ಇದ್ದ ಕಡತಗಳೂ ಹೋಗುತ್ತಿದ್ದವು. ಅಗ್ಗದ ಒಳಮೋಡೆಮ್‌ಗಳು ವಿಂಡೋಸಿನ ಚಾಲಕ ತಂತ್ರಾಂಶವನ್ನೇ ನೆಚ್ಚಿದ್ದರಿಂದ ಲಿನಕ್ಸಿನಲ್ಲಿ ಬಹುಪಾಲು ಸುಮ್ಮನೆ ಕೂರುತ್ತಿದ್ದವು. ಹಾಗಾಗಿ ನೆರವು ಕೇಳಲು ಬೇಕಾದ ಇಂಟರ್ನೆಟ್ಟೇ ಇರುತ್ತಿರಲಿಲ್ಲ. ಇನ್ನು ಕರೆಂಟು. ಆಗಿನ ಎಕ್ಸ್‌ಟ್2 ಕಡತ ವ್ಯವಸ್ಥೆ, ಯಂತ್ರ ಸರಿಯಾಗಿ ಮುಚ್ಚದೆ ಆರಿಹೋದರೆ, ಮುಂದಿನ ಸಲ ಇಡೀ ಡಿಸ್ಕನ್ನು ತಡಕಾಡುತ್ತಿತ್ತು. ದೋಷ ದೊಡ್ಡದಿದ್ದರೆ ಅರ್ಧಕ್ಕೆ ನಿಂತು, ಕಪ್ಪು ಪರದೆಯ ಮೇಲೆ ಯಂತ್ರದ ಪೂರ್ಣ ಅಧಿಕಾರದ, ಅಂದರೆ ರೂಟ್ ಪಾಸ್‌ವರ್ಡ್ ಕೇಳುತ್ತಿತ್ತು. ಲೋಡ್ ಶೆಡ್ಡಿಂಗ್ ದಿನನಿತ್ಯದ್ದಾದ ಊರಿನಲ್ಲಿ, ಪಾಸ್‌ವರ್ಡ್ ಇಟ್ಟ ಪುಣ್ಯಾತ್ಮ ಹುಬ್ಬಳ್ಳಿಯಲ್ಲಿದ್ದರೆ, ಕಂಪ್ಯೂಟರಿಗೆ ಮುಸುಕು ಹಾಕುವುದೊಂದೇ ದಾರಿ. 2001ರಲ್ಲಿ ಕರ್ನಲ್ಲಿಗೆ ಸೇರಿದ ಎಕ್ಸ್‌ಟ್3, ಬದಲಾವಣೆಗಳನ್ನು ಮೊದಲು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಡಿಸ್ಕಿಗೆ ಇಳಿಸುವ ಕ್ರಮದಿಂದ ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿತು. ಲಿನಕ್ಸ್ ಚರಿತ್ರೆಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಕರೆಂಟು ಹೋಗುವ ಊರುಗಳ ಮಟ್ಟಿಗೆ ಇದರಷ್ಟು ಉಪಕಾರ ಮಾಡಿದ ಸುಧಾರಣೆ ಕಡಿಮೆ.

2004ರ ಅಕ್ಟೋಬರಿನಲ್ಲಿ ಬಂದ ಉಬುಂಟು ಎಂಬ ಲಿನಕ್ಸ್ ಆವೃತ್ತಿ ಸ್ಥಾಪನೆಯನ್ನು ಸುಲಭ ಮಾಡಿತು. 2011ರವರೆಗೂ ಕೇಳಿದವರ ಮನೆಗೆ ಸಿಡಿಯನ್ನು ಅಂಚೆಯಲ್ಲಿ ಬಿಟ್ಟಿಯಾಗಿ ಕಳಿಸುತ್ತಿದ್ದರು. ಕನ್ನಡದ ಸ್ವಯಂಸೇವಕರು ಗ್ನೋಮ್, ಕೆಡಿಇ ಎಂಬ ಪರದೆ ವಾತಾವರಣಗಳ ಸಾಲುಗಳನ್ನು ಅನುವಾದಿಸಿದರು. ಡೆಬಿಯನ್ನಿನ ಸ್ಥಾಪನಾ ಪರದೆಗಳೂ ಕನ್ನಡದಲ್ಲಿ ದೊರೆತವು, ಆದರೆ ಚಿತ್ರರೂಪದ ಸ್ಥಾಪಕದಲ್ಲಿ ಮಾತ್ರ. ಬರಿ ಅಕ್ಷರಗಳ ಪರದೆಗೆ ನಮ್ಮ ಒತ್ತಕ್ಷರ ಕೂಡಿಸಲು ಬಾರದು. ನುಡಿಯಲ್ಲಿ ಪಳಗಿದ ಬೆರಳುಗಳಿಗಾಗಿ ಕನ್ನಡ ಗಣಕ ಪರಿಷತ್ತಿನ (ಕಗಪ) ಕೀಲಿಮಣೆ ವಿನ್ಯಾಸ ಲಿನಕ್ಸಿನೊಳಗೇ ಸೇರಿತು. ಚೆನ್ನೈನ ಸಿ-ಡ್ಯಾಕ್ 2007ರಲ್ಲಿ ಡೆಬಿಯನ್ ಆಧರಿಸಿದ ಬಾಸ್ ಎಂಬ ಲಿನಕ್ಸ್ ಆವೃತ್ತಿಯನ್ನು ಬಿಡುಗಡೆ ಮಾಡಿತು, ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್ ಪಾಠಗಳನ್ನು ಕನ್ನಡದ ದನಿಯಲ್ಲೂ ಕೊಟ್ಟಿತು. ಬೆಲೆ, ಭಾಷೆ, ಕಷ್ಟ ಎಂಬ ಮೂರು ನೆಪಗಳೂ ಹೀಗೆ ಒಂದೊಂದಾಗಿ ಕಳಚಿದವು. ಆದರೂ ಶಾಲೆಗಳ ಕಂಪ್ಯೂಟರ್ ಲ್ಯಾಬುಗಳು ಬದಲಾದದ್ದು ಕಡಿಮೆ.

ಕಾರಣ ಹುಡುಕಲು ಶಾಲೆಗಳೇ ಒಳ್ಳೆಯ ಜಾಗ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಕಂಪ್ಯೂಟರ್ ಲ್ಯಾಬುಗಳು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ (ಐಸಿಟಿ) ಯೋಜನೆಯಲ್ಲಿ ಹೆಚ್ಚಾಗಿ ಹೊರಗುತ್ತಿಗೆಯಲ್ಲಿ ನಡೆದವು. ಗುತ್ತಿಗೆ ಕಂಪನಿಯೇ ಯಂತ್ರ ತಂದು, ಬೋಧಕರನ್ನು ಇಟ್ಟು, ಅವಧಿ ಮುಗಿದ ಮೇಲೆ ಬಿಟ್ಟುಹೋಗುವ ಪದ್ಧತಿ ಅದು. 2011ರಿಂದ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜತೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರ ಕೈಗೇ ಉಬುಂಟು ಕೊಟ್ಟು, ಜಿಯೋಜೀಬ್ರಾದಂಥ ಸಾಧನಗಳನ್ನು ಕಲಿಸಿ, ಮುಂದೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳನ್ನೂ ಕಟ್ಟಿಸಿತು. ಬಳಸುವವರು ತಯಾರಾದರು. ಲ್ಯಾಬಿನ ಹೊಣೆ ಹೊತ್ತ ಕಾಯಂ ಆಳು ಮಾತ್ರ ಶಾಲೆಯೊಳಗೆ ಹುಟ್ಟಲಿಲ್ಲ. ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಭಾಷೆ ಇದೇ, ಆಡಳಿತ ಬೇರೆ. ಕೇರಳದ ಐಟಿ@ಸ್ಕೂಲ್ ಯೋಜನೆ (2017ರಿಂದ ಕೈಟ್ ಎಂಬ ಸಂಸ್ಥೆ) ತನ್ನದೇ ಗ್ನೂ/ಲಿನಕ್ಸ್ ಆವೃತ್ತಿಯನ್ನು ಶಾಲೆಗಳಿಗೆ ಕೊಡುತ್ತದೆ, ಐಸಿಟಿ ಪಠ್ಯಪುಸ್ತಕವನ್ನು ಕನ್ನಡದಲ್ಲೂ ಅಚ್ಚುಮಾಡುತ್ತದೆ. ಮುಖ್ಯ ವಿಷಯವೆಂದರೆ, ಶಾಲೆಯ ಶಿಕ್ಷಕರೊಬ್ಬರನ್ನೇ ಐಟಿ ಸಂಯೋಜಕರನ್ನಾಗಿ ನೇಮಿಸಿ, ಅವರ ಬೆನ್ನಿಗೆ ಜಿಲ್ಲೆಯ ಮಾಸ್ಟರ್ ತರಬೇತುದಾರರನ್ನು ನಿಲ್ಲಿಸುತ್ತದೆ.

ಕೇರಳದಲ್ಲಿ ಗೆದ್ದದ್ದು ಸರ್ಕಾರದ ಆದೇಶ, ನಿರ್ವಹಣೆಯಲ್ಲ ಎಂದು ವಾದಿಸಬಹುದು. ರಾಜಕೀಯದ ಒತ್ತಾಸೆ ಇತ್ತು ಎಂಬುದು ನಿಜ. ಆದರೆ ಆದೇಶ ಕೇಂದ್ರದಿಂದಲೂ ಬಂದಿದೆ. 2015ರ ನೀತಿ ಕೇಂದ್ರದ ಇಲಾಖೆಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದಿತು. ಅಷ್ಟಕ್ಕೇ ಕಚೇರಿಗಳು ಬದಲಾಗಲಿಲ್ಲ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ವಿಂಡೋಸಿನ ಕಳ್ಳಪ್ರತಿ ಪುಕ್ಕಟೆ ಸಿಗುವಾಗ ಲಿನಕ್ಸ್ ಏಕೆ? ಇದು ನಮ್ಮ ವಾದಕ್ಕೇ ಬಲ ಕೊಡುತ್ತದೆ. ಎರಡರ ಬೆಲೆಯೂ ಸೊನ್ನೆಯಾದ ಮೇಲೆ ಗೆಲ್ಲುವುದು ರಿಪೇರಿ ಅಂಗಡಿಯ ಹುಡುಗನಿಗೆ ಗೊತ್ತಿರುವ ವ್ಯವಸ್ಥೆಯೇ. ನೌಕರಿ ಸಿಗಲು ವಿಂಡೋಸ್ ಬೇಕು ಎಂಬ ಮಾತು ಗುಮಾಸ್ತಿಕೆಯ ಮಟ್ಟಿಗೆ ಸರಿ. ಆದರೆ ಸರ್ವರ್ ಲೋಕ ನಡೆಯುವುದು ಬಹುಪಾಲು ಲಿನಕ್ಸ್ ಮೇಲೆ. ಹಾವೇರಿಯ ಬಳಿ ದೇವಗಿರಿಯಲ್ಲಿರುವ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಕಲಿಯುವ ಮಕ್ಕಳಿಗೆ ಇದು ನೇರವಾಗಿ ತಟ್ಟುವ ವಿಷಯ. ಇನ್ನು, ಆಂಡ್ರಾಯ್ಡ್ ಫೋನಿನೊಳಗೂ ಲಿನಕ್ಸ್ ಕರ್ನಲ್ ಇದೆ, ಆದ್ದರಿಂದ ಅದು ಸವಣೂರಿನ ಎಲೆ ಬಳ್ಳಿಯ ತೋಟಕ್ಕೂ ಬಂದಾಗಿದೆ ಎನ್ನುವವರಿದ್ದಾರೆ. ಕರ್ನಲ್ ಬಂದಿದೆ, ಒಪ್ಪೋಣ. ಆದರೆ ಆ ಫೋನಿನ ರೂಟ್ ಅಧಿಕಾರ ಬಳಕೆದಾರನ ಬಳಿ ಇಲ್ಲ. ನಿರ್ವಹಿಸುವ ಹಕ್ಕಿಲ್ಲದ ಯಂತ್ರವನ್ನು ಈ ಚರಿತ್ರೆಯ ಗೆಲುವಿನ ಲೆಕ್ಕಕ್ಕೆ ಸೇರಿಸುವುದು ತರವಲ್ಲ.

ನಿರ್ವಹಣೆಯ ಪ್ರಶ್ನೆ ಈಗ ವಿಂಡೋಸಿಗೂ ಬಂದಿದೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪದ ಎಷ್ಟೋ ಹಳೆಯ 64 ಬಿಟ್ ಯಂತ್ರಗಳಲ್ಲಿ, ಅದೇ ವರ್ಷದ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಚೆನ್ನಾಗಿಯೇ ಓಡುತ್ತದೆ. 32 ಬಿಟ್ ಯಂತ್ರಗಳಿಗೆ ಮಾತ್ರ ಅದರಲ್ಲಿ ಸ್ಥಾಪಕವಿಲ್ಲ.